ಸಲ್ಯೂಟ್ ಆಮೇಲೆ, ಹೊಸ್ತಿಲು ಮೊದಲು



ದಸರಾ ರಜೆಗೆ ಮಂಡ್ಯದಿಂದ ಮೊಮ್ಮಗ ಬಂದಿದ್ದ. ಐದನೇ ತರಗತಿ. ಚೀಲ ಜಗುಲಿ ಮೇಲೆ ಎಸೆದವನೇ, "ತಾತ, ರಜೆ ಮುಗಿಯೋದ್ರೊಳಗೆ ಕರಿಯಂಗೆ ಐದು ವಿದ್ಯೆ ಕಲಿಸ್ತೀನಿ" ಅಂದ. ಪಟ್ಟಿಯನ್ನೂ ಬರೆದು ತಂದಿದ್ದ: ಸಲ್ಯೂಟ್ ಹೊಡೆಯುವುದು, ಪೇಪರ್ ತರುವುದು, ಚೆಂಡು ಹಿಡಿಯುವುದು, ಉರುಳುವುದು, ಸತ್ತಂತೆ ಮಲಗುವುದು. ರಜೆ ಹದಿನೈದು ದಿನ. ಅಂದರೆ ಮೂರು ದಿನಕ್ಕೊಂದು ವಿದ್ಯೆ!

ಕರಿಯ ಊರ ನಾಯಿಮರಿ, ಎಂಟು ತಿಂಗಳು. ಮೊದಲ ದಿನ ಅರ್ಧ ಗಂಟೆ ಬಿಡದೆ "ಸಲ್ಯೂಟ್, ಸಲ್ಯೂಟ್" ಎಂದು ಹುಡುಗ ಕೂಗಿದ. ಕರಿಯ ಆಕಳಿಸಿತು, ಮೂಗು ನೆಕ್ಕಿಕೊಂಡಿತು, ಕೊನೆಗೆ ತೆಂಗಿನ ಮರದ ನೆರಳಿಗೆ ಹೋಗಿ ಮಲಗಿತು.

"ಇದು ದಡ್ಡ ನಾಯಿ ತಾತ."

"ಹದಿಮೂರರ ಮಗ್ಗಿ ನಿಂಗೆ ಎಷ್ಟು ದಿನಕ್ಕೆ ಬಂತು ಮಗ?"

"ಇನ್ನೂ ಬಂದಿಲ್ಲ" ಅಂದ ಮೆಲ್ಲಗೆ.

ಆಗ ಅವನಿಗೆ ಹಳೆಯ ನಾಯಿಯ ಕಥೆ ಹೇಳಿದೆ. ನಮ್ಮ ಮನೆ ಮಳವಳ್ಳಿ–ಮದ್ದೂರು ರಸ್ತೆಯ ಬದಿಗೇ ಇದೆ. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರುಗಳು ಸಾಲುಸಾಲಾಗಿ ಹೋಗುತ್ತವೆ. ಹಿಂದಿನ ನಾಯಿಗೆ ಕೈಕುಲುಕುವುದನ್ನು ಕಲಿಸಿದ್ದೆ, ಬಂದವರೆಲ್ಲ ಮೆಚ್ಚುತ್ತಿದ್ದರು. ಗೇಟಿನ ಹತ್ತಿರ ನಿಲ್ಲುವುದನ್ನು ಕಲಿಸಿರಲಿಲ್ಲ. ಒಂದು ಸಂಜೆ ಟ್ರ್ಯಾಕ್ಟರ್ ಸದ್ದಿಗೆ ಬೊಗಳುತ್ತಾ ಓಡಿದ್ದು ಮರಳಿ ಬರಲಿಲ್ಲ. ತಪ್ಪು ನಾಯಿಯದಲ್ಲ, ನನ್ನದು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಪಟ್ಟಿ ಮಡಚಿಟ್ಟ. ಇಬ್ಬರೂ ಸೇರಿ ಒಂದೇ ಗುರಿ ಬರೆದೆವು: 'ಕರಿಯ ಹೊಸ್ತಿಲಲ್ಲಿ ನಿಲ್ಲಬೇಕು.' ಅದನ್ನೂ ಮೆಟ್ಟಿಲು ಮೆಟ್ಟಿಲಾಗಿ ಒಡೆದೆವು. ಮೊದಲು ಗೇಟು ಮುಚ್ಚಿರುವಾಗ ಎರಡೇ ಸೆಕೆಂಡು. ಆಮೇಲೆ ಹಗ್ಗ ಹಿಡಿದು, ಗೇಟು ತೆರೆದು. ಆಮೇಲೆ ಸೈಕಲ್ ಹೋಗುವಾಗ, ಬಸ್ಸು ಹೋಗುವಾಗ. ಟ್ರ್ಯಾಕ್ಟರ್ ಕೊನೆಗೆ. ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ. ನಿಂತ ಕೂಡಲೇ ಬೇಯಿಸಿದ ಮೊಟ್ಟೆಯ ಚೂರು; ತಡವಾದರೆ ಯಾವುದಕ್ಕೆ ಬಹುಮಾನ ಸಿಕ್ಕಿತೆಂದು ನಾಯಿಗೆ ತಿಳಿಯದು. ಹತ್ತು ಸಲದಲ್ಲಿ ಎಂಟು ಸಲ ನಿಂತರೆ ಮಾತ್ರ ಮುಂದಿನ ಮೆಟ್ಟಿಲು. ಹೊಡೆಯುವಂತಿಲ್ಲ, ಗದರುವಂತಿಲ್ಲ.

ಗುರಿ ಇಡುವಾಗ ನಾಯಿಯ ವಯಸ್ಸು, ಸ್ವಭಾವ ಎರಡನ್ನೂ ನೋಡಬೇಕು. ನಮ್ಮ ಬಾಗಲಕೋಟೆಯ ಮುಧೋಳ ನಾಯಿಯನ್ನೇ ನೋಡಿ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿ ಅದು. ಓಡುವ ಬೇಟೆಯನ್ನು ಕಣ್ಣಿಂದ ಹಿಡಿದು ಬೆನ್ನಟ್ಟುವುದು ಅದರ ಹುಟ್ಟುಗುಣ. 'ಮೊಲ ಓಡಿದರೂ ಕದಲಬೇಡ' ಎಂದು ಮೊದಲ ವಾರವೇ ಹೇಳಿದರೆ ಹೇಗೆ? 2016ರಲ್ಲಿ ಸೇನೆ ಮುಧೋಳ ಮರಿಗಳನ್ನು ಮೀರತ್‌ಗೆ ಕರೆದೊಯ್ದಾಗಲೂ ಅವಕ್ಕೆ ತಿಂಗಳುಗಟ್ಟಲೆ ತರಬೇತಿ ಬೇಕಾಯಿತು. ಅನುಭವಿಗಳಿಗೇ ಹಾಗಾದರೆ ನಮ್ಮ ಪಾಡೇನು?

ಕ್ಯಾಲೆಂಡರಿನಲ್ಲಿ ಹುಡುಗ ದಿನವೂ ಅಂಕ ಬರೆದ. ಐದನೇ ದಿನ ಗೇಟು ತೆರೆದರೂ ಕರಿಯ ನಿಂತಿತು. ಒಂಬತ್ತನೇ ದಿನ ಬಸ್ಸು ಬಂದಾಗ ಹತ್ತಕ್ಕೆ ಮೂರು. ಹುಡುಗನ ಮುಖ ಸಪ್ಪಗಾಯಿತು. ಒಂದು ಮೆಟ್ಟಿಲು ಹಿಂದಕ್ಕೆ ಬಂದು ಮತ್ತೆ ಸೈಕಲ್ಲಿನಿಂದ ಶುರುಮಾಡಿದೆವು. ರಜೆ ಮುಗಿದಾಗ ಸೈಕಲ್ಲಿಗೆ ಎಂಟು, ಬಸ್ಸಿಗೆ ಐದು. ಟ್ರ್ಯಾಕ್ಟರ್ ಇನ್ನೂ ದೂರ.

"ಐದು ವಿದ್ಯೇಲಿ ಒಂದೂ ಆಗ್ಲಿಲ್ಲ ತಾತ" ಅನ್ನುತ್ತಲೇ ಬಸ್ಸು ಹತ್ತಿದ. ಅಂಕ ಬರೆಯುವ ಕೆಲಸ ಅಜ್ಜಿಯ ಪಾಲಿಗೆ ಬಂತು.

ಸಂಕ್ರಾಂತಿಗೆ ಮತ್ತೆ ಬಂದ. ಹಗ್ಗ ಅವನ ಕೈಯಲ್ಲೇ ಇತ್ತು, ಗೇಟು ತೆರೆದಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರ್ ಗಡಗಡ ಎಂದು ಬಂತು. ಕರಿಯನ ಕಿವಿ ನೆಟ್ಟಗಾದವು, ಮೈ ನಡುಗಿತು. ಆದರೆ ಕಾಲು ಹೊಸ್ತಿಲು ದಾಟಲಿಲ್ಲ. ತಿರುಗಿ ಹುಡುಗನ ಮುಖ ನೋಡಿತು. ಅವನ ಕಣ್ಣಲ್ಲಿ ನೀರು.

ಮರುದಿನವೇ ಪಕ್ಕದ ಮನೆಯ ಮೇಕೆಮರಿ ಕಂಡು ಹಗ್ಗ ಜಗ್ಗಿಕೊಂಡು ನುಗ್ಗಿತು ಅನ್ನಿ! ಆದ್ದರಿಂದ ರಸ್ತೆ ಬದಿಯಲ್ಲಿ ಹಗ್ಗ ಬಿಡುವಂತಿಲ್ಲ. 'ಮೇಕೆ' ಎಂದು ಹುಡುಗ ಪಟ್ಟಿಗೆ ಸೇರಿಸಿದ.

"ಸಲ್ಯೂಟ್ ಯಾವಾಗ್ಲಾ?" ಎಂದೆ.

"ಬೇಸಿಗೆ ರಜೆಗೆ ನೋಡಾನ ತಾತ. ಅದಕ್ಕೇನವಸರ?"

ಈ ವಾರದ ಕೆಲಸ: ನಿಮ್ಮ ನಾಯಿಗೆ ಒಂದೇ ಒಂದು ಗುರಿ ಬರೆಯಿರಿ. ಅದನ್ನು ನಾಲ್ಕು ಮೆಟ್ಟಿಲು ಮಾಡಿ. ಕಲಿಸುವಾಗ ಮನೆಯ ಹಿರಿಯರೊಬ್ಬರು ಜೊತೆಗಿರಲಿ. ರೇಬೀಸ್ ಲಸಿಕೆ ಹಾಕಿಸಿದ್ದೀರಾ ಎಂದೂ ಕೇಳಿ ನೋಡಿ.

ನಿಮ್ಮ ತಾತ