ಹಳೆಯ ಟ್ಯಾಂಕು, ಹೊಸ ಎಂಜಿನು

2025ನೆಯ ಇಸವಿ ಮಾರ್ಚ್ 7ರಂದು ಭಾರತ ಸರಕಾರದ ರಕ್ಷಣಾ ಖಾತೆಯು ರಶಿಯದ ರೊಸೊಬೊರೊನ್‌ಎಕ್ಸ್‌ಪೋರ್ಟ್ ಸಂಸ್ಥೆಯೊಡನೆ 24 ಕೋಟಿ 80 ಲಕ್ಷ ಡಾಲರುಗಳ ಕರಾರೊಂದನ್ನು ಮಾಡಿಕೊಂಡಿತು. ನಮ್ಮ ಸೈನ್ಯದ ಟಿ-72 ಟ್ಯಾಂಕುಗಳ 780 ಅಶ್ವಶಕ್ತಿಯ ಎಂಜಿನುಗಳನ್ನು ತೆಗೆದು 1,000 ಅಶ್ವಶಕ್ತಿಯ ಎಂಜಿನುಗಳನ್ನು ಕೂಡಿಸುವುದು ಇದರ ಉದ್ದೇಶ. 1970ರ ದಶಕದ ಕೊನೆಯಲ್ಲಿ ನಮ್ಮ ಸೈನ್ಯವನ್ನು ಸೇರಲಾರಂಭಿಸಿದ ಈ ಟ್ಯಾಂಕುಗಳಿಗೆ ಇನ್ನೂ ಹಣ ಸುರಿಯುವುದೇಕೆ, ಹೊಸವನ್ನೇ ಕೊಳ್ಳಬಾರದೇಕೆ ಎಂಬ ಪ್ರಶ್ನೆ ಸಹಜವಾದುದು. ಆದರೆ ಉತ್ತರವನ್ನು ಆವೇಶದಿಂದಲ್ಲ, ಲೆಕ್ಕದಿಂದ ಹುಡುಕಬೇಕು.

2021ರಲ್ಲಿ 118 ಅರ್ಜುನ ಟ್ಯಾಂಕುಗಳಿಗಾಗಿ ಸರಕಾರವು 7,523 ಕೋಟಿ ರೂಪಾಯಿಗಳ ಬೇಡಿಕೆಯನ್ನು ಕೊಟ್ಟಿತು. ಎಂದರೆ ಒಂದೊಂದಕ್ಕೆ ಸುಮಾರು 64 ಕೋಟಿ. ಎಂಜಿನುಗಳ ಕರಾರಿನ ಮೊತ್ತ ಅಂದಿನ ದರದಲ್ಲಿ ಸುಮಾರು 2,150 ಕೋಟಿ. ಇಷ್ಟು ಹಣಕ್ಕೆ ದೊರೆಯುವ ಹೊಸ ಟ್ಯಾಂಕುಗಳು ಮೂವತ್ತನಾಲ್ಕನ್ನು ಮೀರವು. ನಮ್ಮಲ್ಲಿರುವ ಟಿ-72ಗಳಾದರೋ ಸುಮಾರು 2,400. ಇವೆಲ್ಲವನ್ನೂ ಒಮ್ಮೆಗೇ ಮೂಲೆಗೆ ತಳ್ಳಿ ಹೊಸವನ್ನು ತರುವ ಶಕ್ತಿ ನಮ್ಮ ಬೊಕ್ಕಸಕ್ಕೂ ಇಲ್ಲ, ನಮ್ಮ ಕಾರಖಾನೆಗಳಿಗೂ ಇಲ್ಲ.

ನವೀಕರಣವು ಬಡವನ ಉಪಾಯವಷ್ಟೇ ಎಂದು ಹೀಗಳೆಯುವುದೂ ಸಲ್ಲದು. ಬ್ರಿಟಿಷರ ಸೆಂಚೂರಿಯನ್ ಟ್ಯಾಂಕು 1945ರಷ್ಟು ಹಳೆಯದು. ಅದಕ್ಕೆ 105 ಮಿಲಿಮೀಟರ್ ತೋಪನ್ನೂ ಡೀಸೆಲ್ ಎಂಜಿನನ್ನೂ ಕೂಡಿಸಿದ ಇಸ್ರೇಲಿಗಳು 1973ರಲ್ಲಿ ಗೋಲಾನ್ ಎತ್ತರದಲ್ಲಿ ಸಿರಿಯದ ಹೊಸ ಟಿ-62ಗಳನ್ನು ತಡೆದು ನಿಲ್ಲಿಸಿದರು. ನಮ್ಮವರೇ 1965ರಲ್ಲಿ ಅಸಲ್ ಉತ್ತರದ ಹೊಲಗಳಲ್ಲಿ ಸೆಂಚೂರಿಯನ್ ಮತ್ತು ಷರ್ಮನ್‌ಗಳಿಂದ, ಅವುಗಳಿಗಿಂತ ಹೊಸವಾದ ಪ್ಯಾಟನ್ ಟ್ಯಾಂಕುಗಳ ಸೊಕ್ಕನ್ನು ಮುರಿದುದು ವಾಚಕರಿಗೆ ತಿಳಿದೇ ಇದೆ. ಯಂತ್ರದ ವಯಸ್ಸಿಗಿಂತ ಅದರ ಸಜ್ಜೂ ಅದನ್ನು ನಡೆಯಿಸುವವರ ಶಿಕ್ಷಣವೂ ಮೇಲಾದುವು.

ಆದರೂ ಎಂಜಿನಿನಿಂದ ಆಗುವುದೇನು, ಆಗದುದೇನು ಎಂಬುದನ್ನು ಬೇರೆ ಬೇರೆಯಾಗಿ ನೋಡಬೇಕು. 2020ರಿಂದ ಪೂರ್ವ ಲಡಾಖಿನಲ್ಲಿ 14,000 ಅಡಿಗಳಿಗೂ ಮೇಲೆ ಈ ಟ್ಯಾಂಕುಗಳು ನಿಂತಿವೆ. ಅಲ್ಲಿಯ ತೆಳುಗಾಳಿಯಲ್ಲಿ ಎಂಜಿನಿನ ಬಲ ಕುಗ್ಗುವುದರಿಂದ ಹೆಚ್ಚಿನ ಅಶ್ವಶಕ್ತಿಯು ಅಲ್ಲಿ ನಿಜವಾದ ಆಧಾರ. ಆದರೆ ಬಲವಾದ ಎಂಜಿನು ಇರುಳಿನಲ್ಲಿ ಕಣ್ಣು ಕೊಡಲಾರದು. ಟಿ-72ರಲ್ಲಿ ಗುಂಡುಗಳು ತೋಪಿನ ಗೋಪುರದ ಕೆಳಗೆ, ಸೈನಿಕರ ಕಾಲಡಿಯಲ್ಲಿಯೇ ವರ್ತುಲವಾಗಿ ಜೋಡಣೆಗೊಂಡಿರುತ್ತವೆ. ಕವಚವನ್ನು ಶತ್ರುವಿನ ಅಸ್ತ್ರವು ಭೇದಿಸಿತೆಂದರೆ ಅವು ಸಿಡಿದು ಗೋಪುರವೇ ಹಾರಿಹೋಗುವುದನ್ನು 2022ರಿಂದ ಉಕ್ರೇನಿನ ಯುದ್ಧವು ಜಗತ್ತಿಗೆ ತೋರಿಸಿದೆ. ಅಲ್ಪ ಬೆಲೆಯ ಡ್ರೋನುಗಳು ಕೋಟಿಗಟ್ಟಲೆ ಬೆಲೆಯ ಟ್ಯಾಂಕುಗಳನ್ನು ಅಲ್ಲಿ ಸುಟ್ಟಿವೆ. ಆದುದರಿಂದ ಉಷ್ಣದರ್ಶಕಗಳೂ, ಮೇಲಿನಿಂದ ಬರುವ ಅಪಾಯಕ್ಕೆ ತಕ್ಕ ಕವಚವೂ ಎಂಜಿನಿನೊಡನೆಯೇ ಬರತಕ್ಕವು. ಅರ್ಧ ಮಾಡಿದ ನವೀಕರಣವು ಸೈನಿಕನನ್ನು ಶೀಘ್ರವಾಗಿ ಮೃತ್ಯುವಿನ ಬಳಿಗೆ ಒಯ್ಯುವ ವಾಹನವಾದೀತು.

ಈ ಕೆಲಸ ನಮ್ಮ ಕೈಗೆ ಮೀರಿದುದಲ್ಲ. ಟಿ-90 ಟ್ಯಾಂಕುಗಳ ನಾಯಕನ ದರ್ಶಕವನ್ನು ಉಷ್ಣದರ್ಶಕವಾಗಿ ಮಾರ್ಪಡಿಸುವ ಕೆಲಸವನ್ನು 2022ರಲ್ಲಿ ಒಪ್ಪಿಕೊಂಡುದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೇ. ಎಂಜಿನುಗಳ ಕರಾರಿನಲ್ಲಿಯೂ ತಂತ್ರವಿದ್ಯೆಯನ್ನು ಆವಡಿಯ ಕಾರಖಾನೆಗೆ ಒಪ್ಪಿಸುವ ಷರತ್ತು ಸೇರಿದೆ. ಷರತ್ತು ಕಾಗದದ ಮೇಲೆಯೇ ಉಳಿದು, ಬಿಡಿಭಾಗಗಳಿಗೆ ನಾವು ಪರರ ಮುಖವನ್ನು ನೋಡುತ್ತಲೇ ಇರಬೇಕಾದರೆ ಮಿತವ್ಯಯವೆಂಬುದು ಭ್ರಮೆಯೇ ಸರಿ. ಯುದ್ಧಮಗ್ನವಾದ ದೇಶವು ತನ್ನ ಅಗತ್ಯವನ್ನು ಮೊದಲು ಪೂರೈಸಿಕೊಳ್ಳುವುದೇ ಹೊರತು ನಮ್ಮದನ್ನಲ್ಲ.

ಇನ್ನೊಂದು ಅಪಾಯವನ್ನು ಅಧಿಕಾರಿವರ್ಗದವರ ಲಕ್ಷ್ಯಕ್ಕೆ ತರಬಯಸುತ್ತೇವೆ. ಟಿ-72ರ ಸ್ಥಾನದಲ್ಲಿ ಸುಮಾರು 1,770 ಹೊಸ ಟ್ಯಾಂಕುಗಳನ್ನು ದೇಶದಲ್ಲಿಯೇ ನಿರ್ಮಿಸುವ ಯೋಜನೆಗೆ 2024ರ ಸೆಪ್ಟೆಂಬರಿನಲ್ಲಿ ಸರಕಾರದ ಪ್ರಾಥಮಿಕ ಅನುಮತಿ ದೊರೆತಿದೆ. ಹಳೆಯದು ಹೇಗೋ ನಡೆಯುತ್ತಿದೆಯಲ್ಲಾ ಎಂಬ ಸಮಾಧಾನದಿಂದ ಈ ಯೋಜನೆಯ ಕಡತವು ಮೇಜಿನಿಂದ ಮೇಜಿಗೆ ಅಲೆಯಕೂಡದು. ಮಾಡು ಸೋರುವಾಗ ಹಂಚು ಹೊದಿಸುವುದು ಜಾಣತನವೇ. ಆದರೆ ತೊಲೆಯೇ ಜೀರ್ಣವಾಗುತ್ತಿರುವುದನ್ನು ಮರೆತರೆ ಮನೆ ಉಳಿಯದು.

ನವೀಕರಣದಿಂದ ನಾವು ಕೊಳ್ಳುತ್ತಿರುವುದು ಹೊಸ ಟ್ಯಾಂಕನ್ನಲ್ಲ, ಕಾಲವನ್ನು. ಆ ಕಾಲವನ್ನು ವ್ಯರ್ಥಮಾಡಿದರೆ ಅದರ ಬೆಲೆಯನ್ನು ತೆರುವವರು ಗಡಿಯಲ್ಲಿ ನಿಂತ ನಮ್ಮ ತರುಣರು.