ಬಿಳಿಯೆತ್ತೋ, ಕೆಂದೆತ್ತೋ?

ನಾಳೆ ಕಾರಹುಣ್ಣಿಮೆ. ಹೊತ್ತು ಇಳಿಯುವ ವೇಳೆಗೆ ಕಲಬುರಗಿಯ ಸುತ್ತಲಿನ ಊರುಗಳಲ್ಲಿಯೂ, ಹುಮನಾಬಾದ ರಸ್ತೆಯನ್ನು ಹಿಡಿದು ಕಮಲಾಪುರದವರೆಗಿನ ಹಳ್ಳಿಗಳಲ್ಲಿಯೂ ಅಗಸಿಗೆ ಕರಿ ಕಟ್ಟುವರು, ಎತ್ತುಗಳು ಓಡುವವು, ಮೊದಲು ಹಾಯ್ದುದು ಯಾವ ಬಣ್ಣದ್ದೆಂಬುದನ್ನು ನೋಡಿ ಜನರು ವರ್ಷದ ಫಲವನ್ನು ನುಡಿಯುವರು. ಈ ನಾಲ್ಕು ದಿನಗಳಿಂದ ನಮ್ಮ ಕಚೇರಿಗೆ ಬಂದವರೆಲ್ಲರ ಬಾಯಲ್ಲಿಯೂ ಪ್ರಶ್ನೆಯೊಂದೇ: "ಈ ಸಲ ಬಿಳಿಯೋ, ಕೆಂದೋ?" ಗಂಜಿನ ಅಡತಿ ವರ್ತಕರು ಕೇಳಿದರು, ವಕೀಲರು ಕೇಳಿದರು, ನಿನ್ನೆ ಒಬ್ಬ ಅಧಿಕಾರಿ ಮಹಾಶಯರು ಬೇರೆ ಮಾತಿನ ನಡುವೆ ದನಿ ತಗ್ಗಿಸಿ ಇದನ್ನೇ ಕೇಳಿದರು. ಹೋದ ವರ್ಷ ನಾವು ಕೆಂದೆತ್ತೆಂದು ಬರೆದು ಮುಖಭಂಗಪಟ್ಟವರು. ಆದರೂ ಕೇಳುವವರು ಕಡಿಮೆಯಾಗಿಲ್ಲ. ಆದುದರಿಂದ ಈ ಸಲ ಕಾರಣಸಹಿತವಾಗಿ ಹೇಳುವೆವು.

ದಕ್ಷಿಣದ ಜಿಲ್ಲೆಗಳಿಂದ ವರ್ಗವಾಗಿ ಬಂದವರಿಗಾಗಿ ಎರಡು ಮಾತು. ಕರಿಯೆಂದರೆ ಬೇವಿನ ತೊಪ್ಪಲನ್ನೂ ಕೊಬ್ಬರಿ ಬಟ್ಟಲನ್ನೂ ಕಟ್ಟಿ ಅಗಸಿಗೆ ಅಡ್ಡಲಾಗಿ ಬಿಗಿದ ಹಗ್ಗ. ಹಿಂದಿನ ದಿನ ಎತ್ತುಗಳ ಮೈ ತೊಳೆದು, ಹುಗ್ಗಿ ಉಣಿಸಿ, ಗೊಟ್ಟದಿಂದ ಎಣ್ಣೆ ಅರಿಸಿನ ಕುಡಿಸುವರು. ಹಬ್ಬದ ದಿನ ಕೋಡಿಗೆ ಬಣ್ಣ, ಕೋಡಣಸು, ಕೊರಳಿಗೆ ಗೆಜ್ಜೆ, ಬೆನ್ನಿಗೆ ಜೂಲ. ಬಿಳಿಯೆತ್ತು ಕರಿ ಹರಿದರೆ ಹಿಂಗಾರಿ ಪೀಕು, ಅಂದರೆ ಬಿಳಿಜೋಳ, ಕಡಲೆ, ಕುಸುಬೆ, ಚೆನ್ನಾಗಿ ಬರುವುವೆಂದೂ, ಕೆಂದೆತ್ತು ಹರಿದರೆ ಮುಂಗಾರಿಯ ತೊಗರಿ, ಹೆಸರು, ಸಜ್ಜೆಗಳಿಗೆ ಒಳ್ಳೆಯ ಕಾಲವೆಂದೂ ನಂಬುಗೆ. ಮುಂಗಾರಿ ಬಿತ್ತನೆಯ ಬಾಗಿಲಲ್ಲಿಯೇ ಈ ಹಬ್ಬ ಬರುವುದರಿಂದ ಇದು ಬರಿಯ ಆಟವಾಗಿ ಉಳಿಯಲಿಲ್ಲ.

ಕಲಬುರಗಿಯಲ್ಲಿ ಕುದುರೆ ಪಂದ್ಯದ ಮೈದಾನವಿಲ್ಲ. ಈ ಸೀಮೆ ಹೈದರಾಬಾದಿನ ಆಳ್ವಿಕೆಯಲ್ಲಿದ್ದ ದಿನಗಳಿಂದಲೂ ಇಲ್ಲಿನ ಶೋಕಿಲಾಲರ ಕಣ್ಣು ಮಲಕಪೇಟೆಯ ಮೈದಾನದ ಮೇಲೆ. ಈಚೆಗೆ ಬೆಂಗಳೂರಿನ ಮೇಲೂ ಬಿದ್ದಿದೆ. ಮೈಸೂರಿನ ರೇಸ್ ಕ್ಲಬ್ಬು 1891ರಷ್ಟು ಹಳೆಯದು. ಕುದುರೆಯ ಪಂದ್ಯ ಬರಿಯ ಅದೃಷ್ಟದ ಜೂಜಲ್ಲ, ತಿಳಿವಳಿಕೆಯ ಆಟವೆಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪು ಕೊಟ್ಟಿತು. ಸರಕಾರವು ಆ ತಿಳಿವಳಿಕೆಯ ಮೇಲೆ 2023ರ ಅಕ್ಟೋಬರದಿಂದ ಪಣದ ಪೂರ್ಣ ಹಣಕ್ಕೆ ನೂರಕ್ಕೆ 28ರಂತೆ ತೆರಿಗೆ ಹಾಕಿ, 2025ರ ಸೆಪ್ಟೆಂಬರದಲ್ಲಿ ಅದನ್ನು 40ಕ್ಕೆ ಏರಿಸಿತು. ತಿಳಿವಳಿಕೆಗೆ ಇಷ್ಟು ದುಬಾರಿ ತೆರಿಗೆ ಬೇರೆಲ್ಲಿಯೂ ಇರಲಾರದು! ಅದಂತಿರಲಿ. ಕುದುರೆಯವರು ನೋಡುವುದೇನು? ತಳಿ ಯಾವುದು, ದೂರವೆಷ್ಟು, ನೆಲ ಹಸಿಯೋ ಒಣಗಿದೆಯೋ, ಬೆನ್ನ ಮೇಲೆ ಎಷ್ಟು ಭಾರ, ಸವಾರ ಯಾರು. ನಮ್ಮ ಎತ್ತಿನ ಮೇಲೆ ಸವಾರನೂ ಇಲ್ಲ, ಭಾರವೂ ಇಲ್ಲ. ಉಳಿದ ಮೂರನ್ನು ನಾವೂ ನೋಡಬಹುದು.

ಮೊದಲು ತಳಿ. ನಮ್ಮ ಬಯಲಿನಲ್ಲಿ ಉಳಿದಿರುವ ಎತ್ತುಗಳಲ್ಲಿ ಖಿಲಾರಿ ಒಂದು ಬಗೆ, ದೇವಣಿ ಇನ್ನೊಂದು. ಖಿಲಾರಿ ಪಡುವಣದ ವಿಜಯಪುರ, ಸೊಲ್ಲಾಪುರಗಳ ಕಡೆಯದು; ಬಿಗಿಯಾದ ಮೈ, ಹಿಂದಕ್ಕೆ ಬಾಗಿ ಮೇಲೇರಿದ ಕೋಡು, ಸಿಟ್ಟಿನ ಸ್ವಭಾವ, ಚುರುಕು ಕಾಲು. ದೇವಣಿ ಬೀದರಿನ ಗಡಿಗೆ ಹತ್ತಿದ ಸೀಮೆಯದು. ಹಾಲಿಗೂ ದುಡಿತಕ್ಕೂ ಆಗುವ ಜಾತಿ. ಮೈ ತುಂಬಿದ್ದು, ನಡೆ ಗಂಭೀರ. ಅದರಲ್ಲಿ ಅಚ್ಚ ಬಿಳಿಯದೂ ಉಂಟು, ಮುಖ ಮಾತ್ರ ಕಪ್ಪಾದುದೂ ಉಂಟು, ಮೈಮೇಲೆ ಕರಿಯ ಮಚ್ಚೆಯದೂ ಉಂಟು. ಕೆಂದೆತ್ತೆಂದು ಮನಸ್ಸಿಗೆ ಬರುವುದು ನಾಂದೇಡ ಸೀಮೆಯ ಕೆಂಪು ಕಂಧಾರಿ ಮತ್ತು ಹೆಸರಿಲ್ಲದ ನಾಡತಳಿಯ ಕಂದು ಎತ್ತುಗಳು. ಕಂಧಾರಿಯು ದುಡಿತದಲ್ಲಿ ಯಾರಿಗೂ ಸೋಲದು. ಆದರೆ ಅದರ ಗುಣ ತಾಳ್ಮೆ, ಓಟವಲ್ಲ.

ಇನ್ನು ದೂರ. ಕರಿಯ ಓಟ ಮೈಲುಗಟ್ಟಲೆಯದಲ್ಲ. ಊರ ಹೊರಗಿನಿಂದ ಅಗಸಿಯವರೆಗಿನ ಒಂದು ಉಸಿರಿನ ಮಾತು. ಅಲ್ಲಿ ಮೊದಲ ನೆಗೆತ ಯಾರದೋ ಅವರದೇ ಗೆಲವು. ಹಲಗೆಯ ಸದ್ದಿಗೂ ಜನರ ಕೂಗಿಗೂ ಬೆದರಿ ಚಿಮ್ಮುವ ಖಿಲಾರಿಗೆ ಇದು ಅನುಕೂಲ. ನೆಲದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಮಧ್ಯಾಹ್ನ ಮಳೆ ಬಿದ್ದು ಎರೆಮಣ್ಣು ಗೊರಸಿಗೆ ಹತ್ತಿದರೆ ಚುರುಕು ಕಾಲಿನ ಲಾಭ ಅರ್ಧಕ್ಕೆ ಇಳಿಯುವುದು. ಆಗ ದೇವಣಿಯ ತೂಕವೇ ಮುಂದೆ ತಳ್ಳುವುದು. ಅಗಸಿಯವರೆಗೂ ಡಾಂಬರು ಹಾಕಿದ ಊರುಗಳಲ್ಲಿ ಲಾಳ ಕಟ್ಟಿದ ಎತ್ತು ಜಾರುವ ಭಯವುಂಟು. ಅಲ್ಲಿ ಯಾವ ಜ್ಯೋತಿಷ್ಯವೂ ನಡೆಯದು.

ಆದುದರಿಂದ ನಮ್ಮ ಮತ ಹೀಗಿದೆ. ಕಲಬುರಗಿ ನಗರದ ಅಂಚಿನ ಊರುಗಳಲ್ಲಿ ಬಿಳಿಯೆತ್ತು, ಅದರಲ್ಲಿಯೂ ಖಿಲಾರಿ. ಈ ವಿಷಯದಲ್ಲಿ ಸಂಶಯವಿಲ್ಲ. ಮಹಾಗಾಂವ ಕ್ರಾಸನ್ನು ದಾಟಿ ಕಮಲಾಪುರದ ಕಡೆಗೆ ಹೋದಂತೆ ಬೀದರ ಸೀಮೆಯ ಎತ್ತುಗಳು ಬೆರೆಯುವುದರಿಂದ ಪೈಪೋಟಿ ಬಿರುಸಾದೀತು. ಅಲ್ಲಿಯೂ ನೆಲ ಒಣಗಿದ್ದರೆ ಬಿಳಿ. ಹಸಿಯಾಗಿದ್ದರೆ ಮಚ್ಚೆಯ ದೇವಣಿ. ಮಚ್ಚೆಯದು ಗೆದ್ದರೆ ಅದನ್ನು ಬಿಳಿಯೆನ್ನಬೇಕೋ ಕೂಡದೋ ಎಂಬ ವಾದವನ್ನು ಅಗಸಿಯ ಕಟ್ಟೆಯ ಹಿರಿಯರು ಬಗೆಹರಿಸಿಕೊಳ್ಳಲಿ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ಕೆಂದೆತ್ತೇ ಗೆಲ್ಲಲೆಂಬ ಆಸೆ ನಮಗೂ ಇದೆ. ಆದರೆ ಹೋದ ವರ್ಷ ಆಸೆಯನ್ನು ನಂಬಿಯೇ ನಾವು ಕೆಟ್ಟೆವು.

ಇಷ್ಟು ಹೇಳಿದ ಮೇಲೆ ವಾಚಕರು ಒಂದು ಮಾತನ್ನು ಗಮನಿಸಿಯೇ ಇರುವರು. ಓಡುವ ಹತ್ತು ಎತ್ತುಗಳಲ್ಲಿ ಎಂಟು ಬಿಳಿಯವಾಗಿದ್ದರೆ ಬಿಳಿಯೆತ್ತು ಗೆಲ್ಲುವೆವೆಂದು ಹೇಳುವುದಕ್ಕೆ ದೈವಜ್ಞನು ಬೇಕಾಗಿಲ್ಲ. ಅಂದಮೇಲೆ ಕರಿಯು ಆಕಾಶದ ಸುದ್ದಿಯನ್ನೇನೂ ತರುವುದಿಲ್ಲ. ಕೊಟ್ಟಿಗೆಯ ಸುದ್ದಿಯನ್ನು ತರುವುದು. ಹಾಗೆಂದು ಹಿರಿಯರನ್ನು ನಾವು ಹೀಯಾಳಿಸಲಾರೆವು. ನಮ್ಮ ಬಾಲ್ಯದಲ್ಲಿ ಮನೆಯ ಹಿರಿಯರೊಬ್ಬರು ಓಟ ಮುಗಿದ ಮೇಲೆ ಗೆದ್ದ ಎತ್ತನ್ನು ಬಿಟ್ಟು ಕೊನೆಗೆ ಬಂದ ಎತ್ತಿನ ಬಳಿಗೆ ಹೋಗಿ, ಅದರ ಪಕ್ಕೆಗಳ ಮೇಲೆ ಕೈಯಾಡಿಸಿ, "ಇವರ ಮನೆಯಲ್ಲಿ ಯುಗಾದಿಗೇ ಕಣಿಕೆ ತೀರಿತ್ತು" ಎಂದು ನಮ್ಮ ಕಿವಿಯಲ್ಲಿ ಹೇಳಿದ್ದು ಇನ್ನೂ ನೆನಪಿದೆ. ಬೇಸಗೆಯನ್ನು ಯಾವ ಎತ್ತು ಹೇಗೆ ಕಳೆದಿದೆ, ನೇಗಿಲಿಗೆ ಹೆಗಲು ಕೊಡುವ ಶಕ್ತಿ ಉಳಿದಿದೆಯೋ ಇಲ್ಲವೋ ಎಂಬುದನ್ನು ಬಿತ್ತನೆಗೆ ಮುಂಚೆ ಊರೆಲ್ಲ ನೋಡುವ ಪರೀಕ್ಷೆ ಇದಾಗಿತ್ತು. ಎತ್ತಿನ ಓಟವು ಬರಲಿರುವ ಬೆಳೆಯನ್ನು ಹೇಳುವುದೋ ಕಾಣೆವು. ಹೋದ ವರ್ಷದ ಕಣಿಕೆಯನ್ನು ಮಾತ್ರ ತಪ್ಪದೆ ಹೇಳುವುದು.

ನಮ್ಮ ಚಿಂತೆ ಹುಟ್ಟುವುದು ಇಲ್ಲಿಯೇ. ಜೋಳ ಬಿತ್ತಿದ ಹೊಲವು ಮನುಷ್ಯನಿಗೆ ರೊಟ್ಟಿಯನ್ನೂ ಎತ್ತಿಗೆ ಕಣಿಕೆಯನ್ನೂ ಕೊಡುತ್ತಿತ್ತು. ಜಿಲ್ಲೆಯಲ್ಲಿ ಜೋಳ ಹಿಂದೆ ಸರಿದು ತೊಗರಿ ಹಬ್ಬಿತು. ತೊಗರಿಯಿಂದ ಗಂಜು ಬೆಳೆಯಿತು, ದಾಲ್ ಮಿಲ್ಲುಗಳು ಬೆಳೆದವು, 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ನಮಗೆ ಅದರ ಹೆಮ್ಮೆಯುಂಟು. ಆದರೆ ತೊಗರಿಯ ಕಟ್ಟಿಗೆ ಒಲೆಗೆ ಆದೀತು, ಹೊಟ್ಟು ಸ್ವಲ್ಪ ಮೇವಾದೀತು. ಎತ್ತಿನ ವರ್ಷದ ಹೊಟ್ಟೆ ಅದರಿಂದ ತುಂಬದು. ಕಣಿಕೆಯನ್ನು ಕೊಂಡು ಹಾಕಿ ಜೋಡೆತ್ತು ಸಾಕುವುದಕ್ಕಿಂತ ಬಾಡಿಗೆಯ ಟ್ರ್ಯಾಕ್ಟರನ್ನು ಕರೆಯುವುದು ಅಗ್ಗವೆಂದು ಸಣ್ಣ ರೈತನು ಲೆಕ್ಕ ಹಾಕಿದರೆ ಅವನ ಲೆಕ್ಕ ತಪ್ಪಲ್ಲ. ಪರಿಣಾಮವೇನೆಂಬುದನ್ನು ಸರಕಾರದ ಜಾನುವಾರು ಗಣತಿಯೇ ತಿಳಿಸುವುದು. ಇಡೀ ಭಾರತದಲ್ಲಿ ಗಂಡು ದನಗಳ ಸಂಖ್ಯೆ 2012ರಲ್ಲಿ ಸುಮಾರು 6.8 ಕೋಟಿ ಇದ್ದುದು 2019ರಲ್ಲಿ 4.7 ಕೋಟಿಗೆ ಇಳಿಯಿತು. ಏಳು ವರ್ಷಗಳಲ್ಲಿ ಹತ್ತರಲ್ಲಿ ಮೂರು ಹೋದವು! ಹೀಗೆಯೇ ಸಾಗಿದರೆ ಕರಿ ಹರಿಯುವುದಕ್ಕೆ ಪಕ್ಕದ ಊರಿನಿಂದ ಎತ್ತು ಎರವಲು ತರುವ ದಿನ ದೂರವಿಲ್ಲ.

ಟ್ರ್ಯಾಕ್ಟರಿಗೂ ಅದರ ಹಿಂದೆ ಕಟ್ಟುವ ಸಲಕರಣೆಗಳಿಗೂ ಸರಕಾರದ ಸಹಾಯಧನವುಂಟು. ಅದನ್ನು ಕಸಿದುಕೊಳ್ಳಿರೆಂದು ನಾವು ಹೇಳುವುದಿಲ್ಲ. ಆದರೆ ಒಂದು ಜೋಡು ಎತ್ತಿನಿಂದ ನಾಲ್ಕೆಕರೆ ಉಳುವವನು ಮಾಡಿದ ಅಪರಾಧವೇನು? ರಾಜಸ್ಥಾನದ ಸರಕಾರವು 2025ರ ಮುಂಗಡಪತ್ರದಲ್ಲಿ, ಎತ್ತಿನಿಂದ ಬೇಸಾಯ ಮಾಡುವ ಸಣ್ಣ ರೈತರಿಗೆ ವರ್ಷಕ್ಕೆ 30,000 ರೂಪಾಯಿಯ ನೆರವನ್ನು ಘೋಷಿಸಿತು. ಮರುಭೂಮಿಯ ನಾಡಿಗೆ ತೋಚಿದ ಬುದ್ಧಿ ಜೋಳದ ನಾಡಿಗೆ ತೋಚಬಾರದೇ? ಕಲ್ಯಾಣ ಕರ್ನಾಟಕದ ಅಭಿವೃದ್ಧಿಗೆಂದೇ ಬೇರೆ ಮಂಡಳಿಯಿದೆ, ಬೇರೆ ಹಣವಿದೆ. ದೇವಣಿ, ಖಿಲಾರಿ ಜೋಡಿ ಸಾಕುವ ಮನೆಗೆ ಬೇಸಗೆಯ ಮೂರು ತಿಂಗಳ ಕಣಿಕೆಯನ್ನಾದರೂ ಕೊಡುವ ಯೋಜನೆಯೊಂದನ್ನು ಕಮಲಾಪುರ ತಾಲೂಕಿನಿಂದಲೇ ಆರಂಭಿಸಬಹುದು. ಹೊಸ ತಾಲೂಕಿಗೆ ಕಚೇರಿಗಳ ಫಲಕವಲ್ಲದೆ ಇನ್ನೇನಾದರೂ ಗುರುತು ಬೇಕಷ್ಟೆ. ಪಶುಸಂಗೋಪನೆ ಇಲಾಖೆಯ ಅಧಿಕಾರಿಗಳು ನಾಳೆ ಸಂಜೆ ಅಗಸಿಯಲ್ಲಿ ನಿಂತು, ಓಡಿದ ಎತ್ತು ಎಷ್ಟು, ಬಾರದೆ ಉಳಿದ ಮನೆ ಎಷ್ಟು ಎಂದು ಬರೆದುಕೊಂಡರೆ, ಅರ್ಜಿಯಿಲ್ಲದೆಯೇ ಅವರಿಗೆ ಅರ್ಧ ವರದಿ ಸಿಕ್ಕೀತು.

ಓಡಿಸುವವರಿಗೂ ಒಂದು ಮಾತು ಹೇಳಲೇಬೇಕಾಗಿದೆ. ಹೋರಿಗಳನ್ನು ಆಟದಲ್ಲಿಯೂ ಓಟದಲ್ಲಿಯೂ ಬಳಸುವುದನ್ನು ಸುಪ್ರೀಂ ಕೋರ್ಟು 2014ರಲ್ಲಿ ತಡೆದಿತ್ತು. 2017ರಲ್ಲಿ ನಮ್ಮ ರಾಜ್ಯವು ಕಾಯಿದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಎತ್ತಿಗೆ ಅನಾವಶ್ಯಕವಾಗಿ ನೋವು ಕೊಡಬಾರದೆಂಬ ಕರಾರಿನ ಮೇಲೆಯೇ ಈ ಅನುಮತಿ ನಿಂತಿದೆ. ಬಾಲ ಕಚ್ಚುವುದು, ಮೊಳೆಯ ಬಾರುಕೋಲಿನಿಂದ ತಿವಿಯುವುದು, ಗೊಟ್ಟದಲ್ಲಿ ಎಣ್ಣೆಯ ಬದಲು ಸಾರಾಯಿ ಹೊಯ್ಯುವುದು, ಇವೆಲ್ಲವೂ ಕಾಯಿದೆಗೆ ವಿರೋಧ. ಅದಕ್ಕೂ ಮೊದಲು ಮನೆಯ ಎತ್ತಿಗೆ ಮಾಡುವ ದ್ರೋಹ. ಪೇಟೆಯ ಕೆಲವು ತರುಣರು ಜೇಬಿನಲ್ಲಿ ನೋಟಿಟ್ಟುಕೊಂಡು ಹಳ್ಳಿಗೆ ಹೊರಡುವ ಸಿದ್ಧತೆಯಲ್ಲಿದ್ದಾರೆಂದು ಕೇಳುತ್ತೇವೆ. ಅವರು ಮನೆಯಲ್ಲಿಯೇ ಕುಳಿತು ಹೋಳಿಗೆ ತಿನ್ನುವುದು ಲೇಸು. ಕರಿಯ ಮೇಲೆ ನೋಟು ಬಿದ್ದ ವರ್ಷವೇ ಬಾರುಕೋಲಿಗೆ ಮೊಳೆ ಬರುವುದು.

ಬಿತ್ತುವವರಿಗೆ ಹೇಳಬೇಕಾದುದು ಚಿಕ್ಕದು. ಬಿಳಿ ಗೆದ್ದಿತೆಂದು ತೊಗರಿ ಬಿಡಬೇಡಿರಿ, ಕೆಂದು ಗೆದ್ದಿತೆಂದು ಹೊಲವನ್ನೆಲ್ಲ ತೊಗರಿಗೆ ಹಾಕಬೇಡಿರಿ. 2022ರಲ್ಲಿ ನೆಟೆ ರೋಗವು ಕಾಯಿಕಟ್ಟುವ ಹೊತ್ತಿಗೆ ತೊಗರಿಯನ್ನು ಒಣಗಿಸಿದ್ದು ಯಾರಿಗೆ ಮರೆತಿದೆ? ಬೆಳೆ ವಿಮೆಗೆ ಮುಂಗಾರಿಯ ಧಾನ್ಯ, ಬೇಳೆಕಾಳುಗಳಿಗಾದರೆ ವಿಮಾ ಮೊತ್ತದ ನೂರಕ್ಕೆ 2, ಹಿಂಗಾರಿಗಾದರೆ ಒಂದೂವರೆ ರೈತನ ಪಾಲು. ಕೊನೆಯ ದಿನಾಂಕ ದಾಟುವ ಮೊದಲು ಅದನ್ನು ಕಟ್ಟಿ, ಆಮೇಲೆ ಯಾವ ಎತ್ತನ್ನಾದರೂ ಹರಸಿರಿ.

ನಮ್ಮ ಬಾತ್ಮೀದಾರರೊಬ್ಬರು ನಾಳೆ ಮಧ್ಯಾಹ್ನದ ಬಸ್ಸಿಗೆ ಕಮಲಾಪುರಕ್ಕೆ ಹೊರಡುವರು. ನಾವು ನಗರದ ಅಂಚಿನ ಅಗಸಿಯೊಂದರಲ್ಲಿ ಇರುವೆವು. ಎರಡೂ ಕಡೆಯ ಫಲಿತಾಂಶ ನಾಡಿದ್ದಿನ ಸಂಚಿಕೆಯಲ್ಲಿ ಬರುವುದು. ಬಿಳಿಯೆತ್ತೆಂದು ನಾವು ಒಂದು ತೆಂಗಿನಕಾಯಿಯನ್ನು ಪಣವಿಟ್ಟಿದ್ದೇವೆ. ಸೋತರೆ, ಮೊದಲು ಬಂದು ಕೇಳಿದವರು ಅದನ್ನು ಕಚೇರಿಯಿಂದ ಒಯ್ಯಬಹುದು. ತೆರಿಗೆಯನ್ನು ಮಾತ್ರ ಅವರೇ ಕೊಡತಕ್ಕದ್ದು.