ತಿರುವಿನ ದಾರಿಯೂ ಸ್ಪ್ರಿಂಗಿನ ಹದವೂ

ನಮ್ಮ ಮದಕರಿಪುರದ ಸುತ್ತಿನ ಸೀಮೆಯನ್ನು ಬಯಲುನಾಡೆಂದು ಕರೆಯುವುದು ವಾಡಿಕೆ. ಹಿರಿಯೂರಿನಿಂದ ಹೆದ್ದಾರಿಯಲ್ಲಿ ನೆಟ್ಟಗೆ ಬರುವವರಿಗೆ ಈ ಮಾತು ದಿಟವೆಂದೇ ತೋರುವುದು. ಆದರೆ ಅರಣ್ಯ ಇಲಾಖೆಯವರ ಅಪ್ಪಣೆಯನ್ನು ಪಡೆದು ಆಡುಮಲ್ಲೇಶ್ವರದ ಕಡೆಯಿಂದ ಜೋಗಿಮಟ್ಟಿಯನ್ನು ಏರಿದವರಿಗೂ, ಹೊಳಲ್ಕೆರೆ, ಚನ್ನಗಿರಿ, ಶಿವಮೊಗ್ಗೆಗಳ ಮೇಲೆ ತೀರ್ಥಹಳ್ಳಿಯನ್ನು ಮುಟ್ಟಿ ಆಗುಂಬೆಯ ಘಾಟಿಯನ್ನು ಇಳಿದವರಿಗೂ, ಬಯಲುನಾಡಿನವರ ಮೋಟಾರು ಸೈಕಲ್ಲಿಗೂ ತಿರುವುಗಳ ಪರೀಕ್ಷೆ ತಪ್ಪಿದ್ದಲ್ಲವೆಂಬುದು ತಿಳಿದೇ ಇರುವುದು.

ನೆರೆಮನೆಯ ತರುಣರೊಬ್ಬರು ಮೊನ್ನೆ ನಮ್ಮಲ್ಲಿಗೆ ಬಂದಿದ್ದರು. ಹೊಸದಾಗಿ ವಿವಾಹವಾದವರು, ಪತ್ನಿಯೊಡನೆ ಆಗುಂಬೆಗೆ ಹೋಗಿಬರುವ ಅಭಿಲಾಷೆ ಅವರಿಗೆ. ಅದಕ್ಕೆ ಮುನ್ನ ಬೆಲೆಬಾಳುವ ಶಾಕ್ ಅಬ್ಸಾರ್ಬರುಗಳನ್ನು ಕೊಂಡು ತಮ್ಮ ವಾಹನಕ್ಕೆ ಹಾಕಿಸಬೇಕೆಂದು ಅವರ ಹಟ. ಚೆನ್ನಾಗಿರುವುದನ್ನು ಕಿತ್ತು ಹಣವನ್ನು ಚೆಲ್ಲುವುದೇತಕ್ಕೆಂದು ಅವರ ತಂದೆಯವರ ಆಕ್ಷೇಪಣೆ. ತೀರ್ಪು ಹೇಳುವ ಭಾರವು ನಮ್ಮ ಮೇಲೆ ಬಿದ್ದಿತು. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವುಂಟೆಂದು ನಾವು ಹೇಳಿದೆವು. ಮಿಕ್ಕ ಅರ್ಧವನ್ನು ನಾವು ಕಲಿತುದು ನಮ್ಮ ಅಲಕ್ಷ್ಯದಿಂದಲೇ.

ಕೆಲವು ವರ್ಷಗಳ ಹಿಂದೆ ನಾವು ಸಹಧರ್ಮಿಣಿಯೊಡನೆ ಜೋಗಿಮಟ್ಟಿಯಿಂದ ಇಳಿಯುತ್ತಿದ್ದೆವು. ವೇಗವೇನೂ ಹೆಚ್ಚಾಗಿರಲಿಲ್ಲ. ಎಡಕ್ಕೆ ಹೊರಳುವ ಒಂದು ತಿರುವಿನಲ್ಲಿ ವಾಹನದ ಹಿಂಭಾಗವು ದೋಣಿಯಂತೆ ಎರಡು ಮೂರು ಬಾರಿ ತೂಗಿತು. ಮುಂದಿನ ಚಕ್ರವು ನಾವು ತಿರುಗಿಸಿದಷ್ಟು ತಿರುಗದೆ ರಸ್ತೆಯ ಬಲದಂಚಿಗೆ ಹೊರಟಿತು. ಎದುರಿನಿಂದ ಜೀಪೊಂದು ಏರಿಬರುತ್ತಿದ್ದಿತು. ಅದರ ಚಾಲಕನು ಜಾಣನಾಗಿದ್ದುದರಿಂದ ನಾವು ಇಂದು ಈ ಅಂಕಣವನ್ನು ಬರೆಯುತ್ತಿದ್ದೇವೆ. ಮನೆಗೆ ಬಂದು ಪರೀಕ್ಷಿಸಲಾಗಿ, ಮುಂದಿನ ಫೋರ್ಕಿನ ಎಣ್ಣೆಯನ್ನು ಕೊಂಡಂದಿನಿಂದ ಬದಲಿಸಿಯೇ ಇರಲಿಲ್ಲ. ಹಿಂದಿನ ಸ್ಪ್ರಿಂಗು ಒಬ್ಬರೇ ಕುಳಿತುಕೊಳ್ಳುವ ಹದದಲ್ಲಿಯೇ ಇದ್ದಿತು. ದೋಷವು ವಾಹನದ್ದಲ್ಲ, ನಮ್ಮದು.

ಸಸ್ಪೆನ್ಷನ್ನು ಎಂದರೆ ಮೈಗೆ ಮೆತ್ತಗಿರಲೆಂದು ಮಾಡಿದ ಏರ್ಪಾಡೆಂದು ಹಲವರು ತಿಳಿದಿರುವರು. ಸುಖವು ಅದರ ಉಪಫಲವೇ ಹೊರತು ಮುಖ್ಯಫಲವಲ್ಲ. ಟೈರು ನೆಲವನ್ನು ಬಿಡದಂತೆ ನೋಡಿಕೊಳ್ಳುವುದೇ ಅದರ ನಿಜವಾದ ಕೆಲಸ. ತಿರುವಿನಲ್ಲಿ ನಮ್ಮನ್ನು ರಸ್ತೆಗೆ ಹಿಡಿದಿಡುವುದು ಅಂಗೈಯಗಲದ ಎರಡು ರಬ್ಬರಿನ ತುಣುಕುಗಳು ಮಾತ್ರ. ಅವು ನೆಲದಿಂದ ಒಂದು ಕ್ಷಣ ಮೇಲೆದ್ದರೂ ಆ ಕ್ಷಣದಲ್ಲಿ ಹಿಡಿತವೆಂಬುದಿಲ್ಲ. ಈ ಕಾರ್ಯದಲ್ಲಿ ಎರಡು ಅಂಗಗಳು ಜೊತೆಗೂಡಿ ದುಡಿಯುವುವು. ಸ್ಪ್ರಿಂಗು ಭಾರವನ್ನು ಹೊತ್ತು, ಹಳ್ಳದಿಣ್ಣೆಗಳ ಪೆಟ್ಟನ್ನು ತನ್ನಲ್ಲಿ ಅಡಗಿಸಿಕೊಳ್ಳುವುದು. ಆದರೆ ಅಡಗಿಸಿಕೊಂಡುದನ್ನು ಅದು ಹಾಗೆಯೇ ಹಿಂದಕ್ಕೆ ಚಿಮ್ಮಿಬಿಡುವುದು. ಆ ಚಿಮ್ಮುವಿಕೆಯನ್ನು ತಡೆಯುವುದಕ್ಕೆ ಡ್ಯಾಂಪರು ಇರುವುದು. ಕಿರಿದಾದ ರಂಧ್ರಗಳ ಮೂಲಕ ಎಣ್ಣೆಯನ್ನು ಹಾಯಿಸಿ, ಆ ಶಕ್ತಿಯನ್ನು ಶಾಖವಾಗಿ ಕಳೆದುಬಿಡುವುದು. ಎಣ್ಣೆಯು ಹಳತಾಗಿ ತೆಳುವಾದರೆ ಸ್ಪ್ರಿಂಗಿಗೆ ಕಡಿವಾಣವಿಲ್ಲದಂತಾಗುವುದು.

ಈ ಜೋಡಿಯು ಮೋಟಾರು ಸೈಕಲ್ಲಿಗೆ ಬಂದುದು ಒಂದೇ ದಿನದಲ್ಲಿಯಲ್ಲ. ಎಣ್ಣೆಯ ಡ್ಯಾಂಪರುಳ್ಳ ಟೆಲಿಸ್ಕೋಪಿಕ್ ಫೋರ್ಕನ್ನು ೧೯೩೫ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯೂ. ಸಂಸ್ಥೆಯವರು ತಮ್ಮ ಆರ್ ೧೨ ವಾಹನದಲ್ಲಿ ಮಾರಾಟಕ್ಕೆ ತಂದರು. ಆ ಕಾಲದ ಬಹುಪಾಲು ವಾಹನಗಳಿಗೆ ಹಿಂಬದಿಯಲ್ಲಿ ಸ್ಪ್ರಿಂಗೇ ಇರುತ್ತಿರಲಿಲ್ಲ. ೧೯೪೮ರಲ್ಲಿ ಇಟಲಿಯ ಆರು ದಿನಗಳ ಸ್ಪರ್ಧೆಯಲ್ಲಿ ರಾಯಲ್ ಎನ್‌ಫೀಲ್ಡ್ ಬುಲೆಟ್ಟು ಹಿಂದೆಯೂ ತೂಗುತೋಳನ್ನೂ ಡ್ಯಾಂಪರುಗಳನ್ನೂ ತೊಟ್ಟು ಓಡಿ ಚಿನ್ನದ ಪದಕಗಳನ್ನು ಗಳಿಸಿದಾಗ, ಇದು ಸುಖಲೋಲುಪರ ಅಲಂಕಾರವೆಂಬ ಮಾತಿಗೆ ತಕ್ಕ ಉತ್ತರವು ದೊರೆಯಿತು. ನಮ್ಮ ನಾಡಿನಲ್ಲಿಯೂ ಮೈಸೂರಿನ ಕಾರ್ಖಾನೆಯಿಂದ ೧೯೬೧ರಲ್ಲಿ ಹೊರಬರತೊಡಗಿದ ಜಾವಾ ವಾಹನಕ್ಕೆ ಮುಂದೆ ಟೆಲಿಸ್ಕೋಪಿಕ್ ಫೋರ್ಕೂ ಹಿಂದೆ ಎರಡು ಶಾಕ್ ಅಬ್ಸಾರ್ಬರುಗಳೂ ಇದ್ದುವು. ಆ ಕಾರ್ಖಾನೆಯು ೧೯೯೬ರಲ್ಲಿ ನಿಂತುಹೋದರೂ, ಅದರ ವಾಹನಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡಿರುವ ಮನೆಗಳು ಹಲವುಂಟು.

ಇನ್ನು ತರುಣರಿಗೆ ನಾವು ಹೇಳಿದ ಕ್ರಮವನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿಯೂ ಬರೆಯುತ್ತೇವೆ.

ಮೊದಲನೆಯದು ಟೈರಿನ ಗಾಳಿ. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಬೆಳಗ್ಗೆ ಟೈರು ತಣ್ಣಗಿರುವಾಗ, ತಯಾರಕರು ಹೇಳಿದಷ್ಟು ಗಾಳಿಯಿದೆಯೇ ಎಂದು ಅಳೆಯತಕ್ಕದ್ದು. ಇಬ್ಬರು ಕುಳಿತಾಗಿನ ಅಳತೆಯು ಬೇರೆಯಾಗಿರುವುದೆಂಬುದನ್ನು ಮರೆಯಲಾಗದು. ಅದರೊಡನೆ ಹ್ಯಾಂಡಲಿನ ಬೇರಿಂಗುಗಳೂ ಹಿಂದಿನ ತೋಳಿನ ಬುಷ್ಷುಗಳೂ ಸಡಿಲವಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಇವು ಅಲ್ಲಾಡುತ್ತಿದ್ದರೆ ಎಂತಹ ಬೆಲೆಯ ಶಾಕ್ ಅಬ್ಸಾರ್ಬರನ್ನು ತಂದರೂ ವ್ಯರ್ಥವೇ ಸರಿ.

ಎರಡನೆಯದು ಭಾರದ ತಗ್ಗು. ವಾಹನವನ್ನು ಮಧ್ಯದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರವು ನೆಲದಿಂದ ಮೇಲಿರುವಾಗ, ಚಕ್ರದ ಅಚ್ಚಿನಿಂದ ಆಸನದ ಕೆಳಗಿನ ಒಂದು ಗುರುತಿನವರೆಗೆ ಅಳೆಯಿರಿ. ಬಳಿಕ ಸ್ಟ್ಯಾಂಡಿನಿಂದ ಇಳಿಸಿ, ಪ್ರಯಾಣಕ್ಕೆ ಹೋಗುವಂತೆಯೇ ಇಬ್ಬರೂ ಚೀಲಸಹಿತ ಕುಳಿತು, ಮೂರನೆಯವರಿಂದ ಪುನಃ ಅಳೆಯಿಸಿರಿ. ಎರಡರ ವ್ಯತ್ಯಾಸವೇ ತಗ್ಗು. ಚಕ್ರದ ಒಟ್ಟು ಚಲನೆಯಲ್ಲಿ ಸುಮಾರು ಮೂರನೆಯ ಒಂದು ಪಾಲಿನಷ್ಟಿದ್ದರೆ ಹದವೆನ್ನಬಹುದು; ಎಂದರೆ ಒಟ್ಟು ೧೨೦ ಮಿಲಿಮೀಟರಿಗೆ ೪೦ರ ಆಸುಪಾಸು. ಹಿಂಭಾಗವು ಇದಕ್ಕಿಂತ ಬಹಳ ಕುಸಿದರೆ ಮುಂದಿನ ಚಕ್ರವು ಹಗುರವಾಗುವುದು, ಫೋರ್ಕು ಹೆಚ್ಚು ಓರೆಯಾಗುವುದು, ವಾಹನವು ತಿರುಗಲೊಲ್ಲದೆ ಹೊರಕ್ಕೆ ಜಗ್ಗುವುದು. ನಮಗೆ ಆದುದು ಇದೇ. ರಾತ್ರಿಯಲ್ಲಿ ದೀಪವು ಮೇಲಕ್ಕೆ ಚೆಲ್ಲಿ ಎದುರಿನವರ ಕಣ್ಣು ಕೋರೈಸುವುದೂ ಇದರಿಂದಲೇ.

ಶಾಕ್ ಅಬ್ಸಾರ್ಬರಿನ ಬುಡದಲ್ಲಿರುವ ಮೆಟ್ಟಿಲುಮೆಟ್ಟಿಲಾದ ಉಂಗುರವನ್ನು ವಾಹನದ ಪೆಟ್ಟಿಗೆಯಲ್ಲಿ ಬರುವ ಸ್ಪ್ಯಾನರಿನಿಂದ ತಿರುಗಿಸಿ ಈ ತಗ್ಗನ್ನು ಸರಿಪಡಿಸಬಹುದು. ಎರಡು ಪಕ್ಕಗಳಲ್ಲಿಯೂ ಮೆಟ್ಟಿಲು ಒಂದೇ ಇರಬೇಕು. ಉಂಗುರವನ್ನು ಏರಿಸಿದರೆ ಸ್ಪ್ರಿಂಗು ಗಡುಸಾಗುವುದೆಂಬುದು ತಪ್ಪು ಗ್ರಹಿಕೆ. ವಾಹನವು ನಿಲ್ಲುವ ಎತ್ತರವು ಬದಲಾಗುವುದಷ್ಟೆ. ಕೊನೆಯ ಮೆಟ್ಟಿಲಿಗೆ ಏರಿಸಿದರೂ ಕುಸಿತವು ನಿಲ್ಲದಿದ್ದರೆ ಮಾತ್ರ ಗಡುಸಾದ ಸ್ಪ್ರಿಂಗು ಬೇಕೆಂದು ತಿಳಿಯತಕ್ಕದ್ದು.

ಮೂರನೆಯದು ಮುಂದಿನ ಫೋರ್ಕಿನ ಎಣ್ಣೆ. ಬ್ರೇಕು ಹಿಡಿದು ಹ್ಯಾಂಡಲನ್ನು ಬಲವಾಗಿ ಅದುಮಿ ಬಿಡಿರಿ. ಒಮ್ಮೆ ಮೇಲೆದ್ದು ನಿಂತರೆ ಸರಿ, ಎರಡು ಮೂರು ಬಾರಿ ಕುಣಿದರೆ ಎಣ್ಣೆಯ ಬಲವು ತೀರಿತೆಂದರ್ಥ. ಎರಡು ಕಾಲುಗಳಿಗೂ ಒಂದೇ ದಪ್ಪದ ಎಣ್ಣೆಯನ್ನು ಒಂದೇ ಮಟ್ಟಕ್ಕೆ ತುಂಬಿಸಬೇಕು. ತುಸು ದಪ್ಪದ ಎಣ್ಣೆಯಿಂದ ಕುಣಿತವು ತಗ್ಗುವುದು. ಅತಿಯಾದರೆ ಚಕ್ರವು ಹಳ್ಳದಿಣ್ಣೆಗಳನ್ನು ಹಿಂಬಾಲಿಸಲಾರದೆ ಜಿಗಿಯುವುದು. ಸೀಲು ಸೋರುತ್ತಿದ್ದರೆ ತಡಮಾಡದೆ ಬದಲಿಸಿರಿ. ಆ ಎಣ್ಣೆಯು ಬ್ರೇಕಿನ ಮೇಲೆ ಇಳಿದರೆ ಅಪಾಯವು ಇಮ್ಮಡಿಯಾಗುವುದು.

ಇಷ್ಟೆಲ್ಲವನ್ನೂ ಮಾಡಿದ ಮೇಲೆಯೂ ಕೊರತೆಯುಂಟೆಂದು ತೋರಿದರೆ ಹೊಸದನ್ನು ಕೊಳ್ಳುವುದು ದುಂದುಗಾರಿಕೆಯಲ್ಲ. ಒಳ್ಳೆಯ ಶಾಕ್ ಅಬ್ಸಾರ್ಬರಿನಲ್ಲಿ ಒತ್ತಡದ ನೈಟ್ರೋಜನ್ ಅನಿಲವಿರುವುದರಿಂದ ದೀರ್ಘವಾದ ಘಾಟಿಯಲ್ಲಿಯೂ ಎಣ್ಣೆಯು ನೊರೆಯಾಗದೆ ಒಂದೇ ಹದದಲ್ಲಿರುವುದು. ಅದನ್ನು ಮನೆಯಲ್ಲಿ ಬಿಚ್ಚುವ ಸಾಹಸವನ್ನು ಮಾತ್ರ ಯಾರೂ ಮಾಡಲಾಗದು. ಕೊಳ್ಳುವಾಗ ನಿಮ್ಮ ಭಾರಕ್ಕೆ ತಕ್ಕ ಸ್ಪ್ರಿಂಗನ್ನು ಕೇಳಿರಿ. ಹಳೆಯದರ ಉದ್ದವೇ ಹೊಸದಕ್ಕೂ ಇರಲಿ. ಉದ್ದವು ಬದಲಾದರೆ ಹ್ಯಾಂಡಲಿನ ಗುಣವೂ, ಸರಪಳಿಯ ಬಿಗಿಯೂ, ಸ್ಟ್ಯಾಂಡಿನ ನಿಲುವೂ ಬದಲಾಗುವುವು. ವಾಹನದ ಮೂಲರಚನೆಯನ್ನು ಮಾರ್ಪಡಿಸುವುದಕ್ಕೆ ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಕಲಮಿನ ಕಟ್ಟುಪಾಡುಂಟೆಂಬುದೂ ನೆನಪಿನಲ್ಲಿರಲಿ. ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಿ, ಪರಿಚಿತವಾದ ಒಂದೇ ತಿರುವಿನಲ್ಲಿ ಮಿತವೇಗದಿಂದ ಓಡಿಸಿ ನೋಡಿ, ಫಲವನ್ನು ಪುಸ್ತಕದಲ್ಲಿ ಬರೆದಿಡಿರಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು.

ನಮ್ಮ ವಾಹನಕ್ಕೆ ಎಣ್ಣೆ, ಸೀಲು, ಉಂಗುರದ ಎರಡು ಮೆಟ್ಟಿಲುಗಳು ಇಷ್ಟರಿಂದಲೇ ಮುಕ್ಕಾಲು ಪಾಲು ಗುಣವು ಕಂಡಿತು. ಉಳಿದ ಕಾಲು ಪಾಲಿಗಾಗಿ ಮರುವರ್ಷ ಹೊಸ ಶಾಕ್ ಅಬ್ಸಾರ್ಬರುಗಳನ್ನು ಕೊಂಡೆವು. ಆ ವೆಚ್ಚಕ್ಕೆ ನಾವು ಎಂದೂ ಮರುಗಿಲ್ಲ. ಆದರೆ ಅವನ್ನೇ ಮೊದಲು ಕೊಂಡಿದ್ದರೆ, ಮುಂದಿನ ಫೋರ್ಕಿನ ರೋಗವು ಹಾಗೆಯೇ ಉಳಿದು, ಹಿಂದಿನ ಹೊಸತನವು ನಮಗೆ ಸುಳ್ಳು ಧೈರ್ಯವನ್ನು ಕೊಡುತ್ತಿದ್ದಿತು. ತಿರುವಿನಲ್ಲಿ ಮರಳು ಬಿದ್ದಿದ್ದರೆ ಯಾವ ಸ್ಪ್ರಿಂಗೂ ಕಾಯಲಾರದು. ಅಲ್ಲಿ ಕಾಯುವುದು ಮುಂದಾಗಿ ಇಳಿಸಿದ ವೇಗವೊಂದೇ.

ತರುಣರು ಮರುದಿನವೇ ಅಳತೆಯ ಪಟ್ಟಿಯೊಡನೆ ಬಂದರು. ಪತ್ನಿಯವರು ಹಿಂದೆ ಕುಳಿತರು, ಅವರ ತಂದೆಯವರೇ ಬಗ್ಗಿ ಅಳೆದರು. ತಗ್ಗು ೬೦ ಮಿಲಿಮೀಟರು ಬಂದಿತು. ಹಿರಿಯರು ಒಂದು ಕ್ಷಣ ಸುಮ್ಮನಿದ್ದು, ಸ್ಪ್ಯಾನರನ್ನು ತಾವೇ ಕೈಗೆ ತೆಗೆದುಕೊಂಡರು. ಹಿಂದಿನ ಆಸನದಲ್ಲಿ ಕುಳಿತವರ ಕೈಯಲ್ಲಿ ಹ್ಯಾಂಡಲೂ ಇಲ್ಲ, ಬ್ರೇಕೂ ಇಲ್ಲ, ಅವರಿಗಿರುವುದು ನಂಬಿಕೆಯೊಂದೇ. ಆ ನಂಬಿಕೆಗಾಗಿ ತಿಂಗಳಿಗೊಂದು ಅರ್ಧ ಗಂಟೆಯನ್ನು ಮೀಸಲಿಡುವುದು ಗೃಹಸ್ಥರಾದ ನಮಗೆ ಭಾರವಾಗಲಾರದು.